ಯಾರೂ ಜಾರಬಾರದ ಸ್ಕೇಟಿಂಗ್ ಅಂಗಳ

ಸ್ಕೇಟಿಂಗ್ ಅಂಗಳದ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಜಾರುವ ಆಟಕ್ಕೆಂದೇ ಅಂಗಳ ಕಟ್ಟಿಸಿ, ಅದರಲ್ಲಿ ಯಾರೂ ಜಾರಬಾರದೆಂದು ಆದೇಶ ಹೊರಡಿಸಿದವರು ನೀವು. ಆ ಆದೇಶದಂತೆ ಅಂಗಳದ ನುಣುಪಾದ ಕಲ್ಲಿನ ಮೇಲೆಲ್ಲ ಉಳಿಯಿಂದ ಗುಳಿ ಹೊಡೆದು ಒರಟು ಮಾಡಿ ಇವತ್ತಿಗೆ ಏಳು ವಾರ. ಈ ಏಳು ವಾರದಲ್ಲಿ ಅಲ್ಲಿ ಆಟದ ಒಂದು ಗಾಲಿಯೂ ಉರುಳಿಲ್ಲ. ಅದನ್ನು ಮತ್ತೆ ನುಣುಪು ಮಾಡಲು ಅನುಮತಿ ಕೊಡಿ ಎಂದು ಕೇಳಿಕೊಂಡು ನಿಮ್ಮ ಕಚೇರಿಯ ಮೆಟ್ಟಿಲನ್ನು ಆರು ಸಲ ಹತ್ತಿದ್ದೇನೆ. ಮೊಣಕಾಲು ನೋವಿನ ಅರವತ್ತೆಂಟರ ಹೆಂಗಸಿಗೆ ಎರಡನೇ ಅಂತಸ್ತು ಎಷ್ಟು ಎತ್ತರವೆಂದು ನಿಮಗೆ ತಿಳಿದಿರಲಿಕ್ಕಿಲ್ಲ. ಒಳಗೆ ಹೇಳಿದ ಮಾತು ಒಳಗೇ ಉಳಿಯಿತು. ಅದಕ್ಕೇ ಈಗ ಎಲ್ಲರೂ ಓದುವ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಸಗರದ ಮಲ್ಲಾಬಾಯಿ. ಹತ್ತನೆಯ ತರಗತಿಯನ್ನು ಒಂದೇ ಸಲಕ್ಕೆ ಪಾಸಾದವಳು. ನನ್ನ ಕನ್ನಡವನ್ನು ನಿಮ್ಮ ಗುಮಾಸ್ತರು ತಿದ್ದಬೇಕಾಗಿಲ್ಲ. ನಮ್ಮದು ನೆಲಕ್ಕೆ ಪರಸಿ ಕಲ್ಲು ಹಾಸುವ ಮನೆತನ. ಶಹಾಪುರ, ಸುರಪುರ, ಕೆಂಭಾವಿಯಲ್ಲಿ ನಮ್ಮವರು ಹಾಸಿದ ನೆಲದ ಮೇಲೆ ಹುಟ್ಟಿ ಬೆಳೆದವರು ಈಗ ಅಜ್ಜಂದಿರಾಗಿದ್ದಾರೆ. ನೀವು ಕುಳಿತಿರುವ ಕೋಣೆಯ ನೆಲವೂ ನನ್ನ ಯಜಮಾನರ ಕೈಕೆಲಸವೇ. ದಿವಂಗತ ಮಲ್ಕಪ್ಪ ಎಂದು ಅವರ ಹೆಸರು. ಕಾಗದದಲ್ಲಿ ಬರೆಯಲೇಬೇಕಾದ್ದರಿಂದ ಬರೆದಿದ್ದೇನೆ. ನೆಲ ಹಾಸಿ ಮುಗಿದ ಮೇಲೆ ಅವರು ಜೇಬಿನಿಂದ ಒಂದು ಗಾಜಿನ ಗೋಲಿ ತೆಗೆದು ಮೆಲ್ಲಗೆ ಉರುಳಬಿಡುತ್ತಿದ್ದರು. ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಸಪ್ಪಳದಲ್ಲಿ ಹೋದರೆ ಕೆಲಸ ಮುಗಿಯಿತು. ನಡುವೆ ಎಲ್ಲಿಯಾದರೂ ಟಕ್ ಎಂದರೆ ಆ ಕಲ್ಲನ್ನು ಎಬ್ಬಿಸಿ ಮತ್ತೆ ಕೂಡಿಸಬೇಕು. ಅವರು ಹೋದ ಮೇಲೆ ಗೋಲಿ ನನ್ನ ಕೈಗೆ ಬಂತು. ನನ್ನ ಮಗ ಹುಲಗಪ್ಪ ಇಂದಿಗೂ ಕೆಲಸ ಮುಗಿಸಿದ ದಿನ, "ಯವ್ವಾ, ಗೋಲಿ ತಗೊಂಡ್ ಬಾ" ಅನ್ನುತ್ತಾನೆ. ನಾನು ಪಾಸು ಮಾಡದ ನೆಲವನ್ನು ಅವನು ಯಾರಿಗೂ ಒಪ್ಪಿಸುವುದಿಲ್ಲ.

ಹುಲಗಪ್ಪನ ಮಗಳು ಸಪ್ನಾ. ಇಪ್ಪತ್ತಮೂರು ವರ್ಷ. ಒಂದರ ಹಿಂದೆ ಒಂದು ನಾಲ್ಕು ಗಾಲಿ ಕೂಡಿಸಿದ ಬೂಟು ತೊಟ್ಟು ಓಡುವುದು, ಏರಿನ ಮೇಲಿಂದ ಹಾರಿ ಗಾಳಿಯಲ್ಲಿ ತಿರುಗಿ ಇಳಿಯುವುದು ಆಕೆಯ ಕಸುಬು. ಕಲಿತದ್ದು ನಮ್ಮದೇ ಪಾಲಿಶ್ ಶೆಡ್ಡಿನ ನೆಲದ ಮೇಲೆ. ಮೊದಲ ಜೋಡಿ ಬೂಟನ್ನು ನಾನೇ ಕಸಿದು ಅಟ್ಟದ ಮೇಲೆ ಎಸೆದಿದ್ದೆ. ಆಕೆಯ ಮುತ್ಯಾ, ಅಂದರೆ ನನ್ನ ಯಜಮಾನರು, ನನಗೆ ಹೇಳದೆ ಅದನ್ನು ಇಳಿಸಿಕೊಟ್ಟರು. ನಾಲ್ಕು ವರ್ಷದಿಂದ ಆಕೆ ಹೈದರಾಬಾದಿನ ಒಂದು ತಂಡದಲ್ಲಿದ್ದಳು. ಸ್ಕೇಟ್‌ಬೋರ್ಡಿನವರು, ಬಿಎಂಎಕ್ಸ್ ಎಂಬ ಸಣ್ಣ ಗಾಲಿಯ ಸೈಕಲ್ಲಿನವರು, ಬೂಟಿನವರು, ಎಲ್ಲ ಸೇರಿದ ತಂಡ. ಊರೂರಿಗೆ ಹೋಗಿ ಆಟ ತೋರಿಸುತ್ತಾರೆ, ಸ್ಪರ್ಧೆಗೆ ಇಳಿಯುತ್ತಾರೆ, ತಿಂಗಳ ಸಂಬಳ ತೆಗೆದುಕೊಳ್ಳುತ್ತಾರೆ. ಒಮ್ಮೆ ನನ್ನನ್ನೂ ಕರೆದೊಯ್ದಿದ್ದಳು. ಆ ತಂಡದಲ್ಲಿದ್ದ ನಮ್ಮ ಸುರಪುರದ ಬಾಲರಾಜ ಸೈಕಲ್ಲು ಸಮೇತ ಗಾಳಿಯಲ್ಲಿ ತಲೆಕೆಳಗಾದಾಗ ನಾನು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ನನ್ನ ಮೊಮ್ಮಗಳು ಬಂದಳು. ಅದನ್ನು ನಾನು ಬರೆದು ತಿಳಿಸಲಾರೆ. ಸಾವಿರ ಜನ ಎದ್ದು ನಿಂತರು, ಮೊಣಕಾಲು ನೋವು ಮರೆತು ನಾನೂ ನಿಂತೆ.

ನಮ್ಮೂರಿಗೆ ಒಂದು ಸ್ಕೇಟಿಂಗ್ ಅಂಗಳ ಬರುತ್ತದೆ, ಕಲಿಸುವವರು ಬೇಕು ಎಂದು ನಿಮ್ಮ ಕಚೇರಿ ಪ್ರಕಟಣೆ ಕೊಟ್ಟಾಗ ನಾನೇ ಆಕೆಗೆ ಫೋನು ಮಾಡಿದೆ. ಆಕೆಗೆ ಮನಸ್ಸಿರಲಿಲ್ಲ. ಈ ಕಸುಬಿಗೆ ಆಯುಷ್ಯ ಕಡಿಮೆ ಆಯಿ, ಮೂವತ್ತಕ್ಕೆ ಮೊಣಕಾಲು ಹೋಗುತ್ತದೆ, ಇರುವಷ್ಟು ದಿನ ಆಡುತ್ತೇನೆ ಅಂದಳು. ನಾನು ಕೇಳಲಿಲ್ಲ. "ಹೊರಗಿನವ್ರಿಗೆ ಹಾರಿ ತೋರಿಸಿದ್ದು ಸಾಕು. ನಿನ್ನ ಊರ ಹುಡುಗ್ಯಾರಿಗೆ ನಿಲ್ಲೂದನ್ನರೆ ಕಲಿಸು ಬಾ. ಅಲ್ಲೇ ನೀನೂ ಆಡು," ಅಂದೆ. ನಮ್ಮ ಮನೆಯಲ್ಲಿ ನಾನು ಒಂದು ಮಾತು ಹೇಳಿದರೆ ಅದರ ಮೇಲೆ ಮಾತಿಲ್ಲ. ಆಕೆ ತಂಡಕ್ಕೆ ರಾಜೀನಾಮೆ ಬರೆದು ಬಂದಳು.

ಅರ್ಜಿ ತುಂಬುವ ದಿನ ನಾನು ಜೊತೆಗಿದ್ದೆ. ನಿಮ್ಮ ಗುಮಾಸ್ತರು ತಲೆ ಎತ್ತದೆ ಕೇಳಿದರು:

"ಹುಡುಗಿ ಏನು ಉದ್ಯೋಗ ಮಾಡ್ತಾಳ್ರಿ?"

"ಗಾಲಿ ಬೂಟಿನ ಆಟ."

"ಅದು ಹವ್ಯಾಸ ಆಯ್ತಬೇ. ಹೊಟ್ಟಿಗೆ ಏನು ಮಾಡ್ತಾಳ?"

"ಅದನ್ನ ಮಾಡ್ತಾಳ."

"ಅಂದ್ರ ಸರ್ಕಸ್ಸೇನು?"

"ಸರ್ಕಸ್ಸು ನಿಮ್ಮ ಕಚೇರ್‍ಯಾಗ ನಡದದ. ಆಕಿದು ಆಟ. ಬರ್ಕೊಳ್ರಿ."

ಅವರು ಬರೆದುಕೊಂಡರು. ಹೊರಗೆ ಬಂದು ನೋಡಿದರೆ ಉದ್ಯೋಗದ ಜಾಗದಲ್ಲಿ 'ನಿರುದ್ಯೋಗಿ' ಎಂದಿತ್ತು. ಸಪ್ನಾ ನಕ್ಕಳು. ನನಗೆ ನಗು ಬರಲಿಲ್ಲ. ಆದರೂ ತರಬೇತುದಾರಳೆಂದು ನೇಮಕದ ಕಾಗದ ಬಂತು, ಅಷ್ಟಕ್ಕೆ ನಿಮಗೆ ಋಣಿ.

ಅಂಗಳದ ನೆಲ ಹಾಸುವ ಕೆಲಸವೂ ನಮ್ಮ ಹುಲಗಪ್ಪನಿಗೇ ಸಿಕ್ಕಿತು. ತಂದೆ ಹಾಸುವ ನೆಲ, ಮಗಳು ಓಡುವ ನೆಲ. ಸಂದಿನಲ್ಲಿ ಉಗುರು ಸಿಕ್ಕಬಾರದು ಎಂದು ಆಕೆ ಹೇಳಿದಳು. ಅವನು ಎಪ್ಪತ್ತು ಅಡಿ ಉದ್ದಕ್ಕೂ ಹಾಗೆಯೇ ಕೂಡಿಸಿದ. ಎರಡೂ ತುದಿಯ ಏರುಗಳಿಗೂ ಅದೇ ಕಲ್ಲು, ಅದೇ ಪಾಲಿಶು. ಮುಗಿದ ದಿನ ನಾನು ಗೋಲಿ ಬಿಟ್ಟೆ. ಎಪ್ಪತ್ತು ಅಡಿಯನ್ನೂ ಅದು ಒಂದೇ ಸಪ್ಪಳದಲ್ಲಿ ದಾಟಿತು. ಸಪ್ನಾ ಅದರ ಪಕ್ಕದಲ್ಲೇ ಬಗ್ಗಿ ಬೂಟಿನ ಮೇಲೆ ಹೋಗುತ್ತ ಹೋಗುತ್ತ ಆ ತುದಿಯಲ್ಲಿ ಅದನ್ನು ಎತ್ತಿಕೊಂಡು, "ಪಾಸ್, ಆಯಿ!" ಎಂದು ಕೂಗಿದಳು.

ಇನ್ನು ಉದ್ಘಾಟನೆ. ಅದನ್ನು ನೀವು ಮರೆತಿರಬಹುದು, ಊರು ಮರೆತಿಲ್ಲ. ಪೂಜೆಯ ತೆಂಗಿನಕಾಯಿಯನ್ನು ಹೊರಗಿನ ಕಟ್ಟೆಯ ಮೇಲೆ ಒಡೆಯಿರಿ ಎಂದು ನಾನು ಹೇಳಿದೆ. "ಮುತ್ತೈದಿ ಹೇಳಿದಂಗ ಕೇಳ್ರಿ" ಎಂದು ಯಾರಾದರೂ ಅನ್ನಲು ನಾನು ಮುತ್ತೈದೆಯೂ ಅಲ್ಲವಲ್ಲ. ನೀವು ಅಂಗಳದ ನಟ್ಟನಡುವೆಯೇ ಒಡೆದಿರಿ. ನೀರು ಚೆಲ್ಲಿತು. ಹೊಸ ಚರ್ಮದ ಬೂಟು ತೊಟ್ಟಿದ್ದ ಮುಖ್ಯ ಅತಿಥಿಗಳು ಅದರ ಮೇಲೆ ಕಾಲಿಟ್ಟರು, ಮಾಲೆ ಸಮೇತ ಜಾರಿ ಕುಳಿತರು. ಸಪ್ನಾ ಆ ತುದಿಯಿಂದ ಬೂಟಿನ ಮೇಲೆ ಬಂದು ಗಕ್ಕನೆ ನಿಂತು, "ಕೈ ಕೊಡ್ರಿ ಸರ್" ಎಂದು ಎತ್ತಿದಳು. ಅದೇ ನೆಲದ ಮೇಲೆ ಗಾಲಿಯ ಮೇಲಿದ್ದವಳು ನಿಂತಿದ್ದಳು, ನೆಲದ ಮೇಲಿದ್ದವರು ಬಿದ್ದಿದ್ದರು. ಹಾಗಿದ್ದರೆ ತಪ್ಪು ಕಲ್ಲಿನದೋ, ತೆಂಗಿನಕಾಯಿಯದೋ?

ಒಂದು ವಾರದಲ್ಲಿ ಆದೇಶ ಬಂತು. "ಸಾರ್ವಜನಿಕರ ಸುರಕ್ಷತೆಯ ದೃಷ್ಟಿಯಿಂದ ಮೇಲ್ಮೈಯನ್ನು ಜಾರದಂತೆ ಒರಟುಗೊಳಿಸತಕ್ಕದ್ದು." ಈಜುವ ಕೊಳದಲ್ಲಿ ಒಬ್ಬರು ನೀರು ಕುಡಿದರೆ ಕೊಳಕ್ಕೆ ಮಣ್ಣು ತುಂಬಿಸುತ್ತೀರಾ? ಕುಸ್ತಿಯ ಕಣದಲ್ಲಿ ಒಬ್ಬರ ಬಟ್ಟೆ ಕೊಳೆಯಾದರೆ ಕಣಕ್ಕೆ ಚಾಪೆ ಹಾಸುತ್ತೀರಾ? ಇದನ್ನೆಲ್ಲ ನಾನು ಆಗಲೇ ಕೇಳಬೇಕಾಗಿತ್ತು. ಕೇಳಲಿಲ್ಲ. ಈ ಪತ್ರದಲ್ಲಿ ನಾನು ಒಪ್ಪಿಕೊಳ್ಳಬೇಕಾದ ಮಾತು ಇದೇ, ಮಾನ್ಯರೇ. ನಿಮ್ಮ ತಪ್ಪನ್ನು ಬರೆದು ನನ್ನದನ್ನು ಬಿಟ್ಟರೆ ಅದು ನ್ಯಾಯವಾಗುವುದಿಲ್ಲ.

ಆದೇಶ ಬಂದದ್ದು ಹುಲಗಪ್ಪನ ಹೆಸರಿಗೆ. ಸಪ್ನಾ ಆಗ ಊರಲ್ಲಿರಲಿಲ್ಲ. ತಂಡದ ಜೊತೆ ಮೊದಲೇ ಒಪ್ಪಿಕೊಂಡಿದ್ದ ಕೊನೆಯ ಎರಡು ವಾರದ ಆಟ ಮುಗಿಸಲು ಹೈದರಾಬಾದಿಗೆ ಹೋಗಿದ್ದಳು. ಹುಲಗಪ್ಪ ಕಾಗದ ಹಿಡಿದು ನನ್ನ ಮುಂದೆ ಬಂದು ಕುಳಿತ.

"ಯವ್ವಾ, ಇದು ನನ್ನ ಕೈಲೆ ಆಗಂಗಿಲ್ಲ. ಮಗಳ ಅಂಗಳ ಅದು."

"ಯಾರ ಅಂಗಳ? ಸರ್ಕಾರದ ಅಂಗಳ."

"ಉಳಿ ಬಿತ್ತಂದ್ರ ಗಾಲಿ ಹೋಗಂಗಿಲ್ಲಬೇ."

"ಸುರಕ್ಷತೆ ಅಂತ ಬರದಾರ. ಬರದವ್ರು ನಿನಗಿಂತ ಓದಿದವ್ರು. ನಿಮ್ಮಪ್ಪ ಒಪ್ಪಿದ ಕೆಲಸ ಒಂದು ದಿವಸ ಬಿಟ್ಟಿದ್ದಿಲ್ಲ. ಹೋಗಿ ಹೊಡಿ."

"ಸಪ್ನಾಗ ಒಂದು ಮಾತು ಕೇಳೂಣು."

"ಆಕಿಗೆ ನಾ ಹೇಳ್ತೀನಿ."

ಹೇಳಲಿಲ್ಲ. ದಿನವೂ ಫೋನು ಬರುತ್ತಿತ್ತು, ಊಟ ಮಾಡಿದೆಯಾ ಎಂದು ಕೇಳುತ್ತಿದ್ದೆ, ಇಟ್ಟುಬಿಡುತ್ತಿದ್ದೆ. ಬಚ್ಚಲಿನ ಕಲ್ಲಿಗೆ, ಬಾವಿಯ ಕಟ್ಟೆಗೆ ಉಳಿ ಹೊಡೆದು ಒರಟು ಮಾಡುವುದು ನಮ್ಮ ಕಸುಬಿನಲ್ಲಿ ಪುಣ್ಯದ ಕೆಲಸ. ಬಸುರಿ ಹೆಂಗಸು ಜಾರಿ ಬೀಳಬಾರದೆಂದು ಮಾಡುವಂಥದು. ಅದೇ ಪುಣ್ಯವೆಂದು ಇಲ್ಲಿಯೂ ನಂಬಿದೆನೋ, ಕಾಗದದ ಮೇಲಿನ ಮುದ್ರೆಗೆ ಹೆದರಿದೆನೋ, ಈಗ ನನಗೇ ತಿಳಿಯದು. ನಾಲ್ಕು ದಿನ ಉಳಿಯ ಸಪ್ಪಳ ಕೇಳಿತು.

ಸಪ್ನಾ ಬಸ್ಸಿನಿಂದ ಇಳಿದವಳು ನೇರ ಅಂಗಳಕ್ಕೆ ಹೋದಳು. ನಾನು ಹಿಂದೆಯೇ ಹೋದೆ. ಬೂಟು ತೊಟ್ಟು ಮೂರು ಹೆಜ್ಜೆ ಹಾಕಿದಳು. ನಾಲ್ಕನೆಯದಕ್ಕೆ ಗಾಲಿ ಗುಳಿಯಲ್ಲಿ ಕಚ್ಚಿ ಮುಂದಕ್ಕೆ ಬಿದ್ದಳು. ಅಂಗೈ, ಮೊಣಕೈ ಎರಡರ ಚರ್ಮವೂ ಹೋಯಿತು. ಅಳಲಿಲ್ಲ. ಕುಳಿತಲ್ಲೇ ನೆಲದ ಮೇಲೆ ಬೆರಳಾಡಿಸಿದಳು. ಗುಳಿಗಳು ಅಳತೆ ಹಿಡಿದು ಹೊಡೆದಂತೆ ಸಾಲಾಗಿದ್ದವು, ಒಂದೂ ಅಡ್ಡಾದಿಡ್ಡಿ ಇರಲಿಲ್ಲ.

"ಇದು ಅಪ್ಪನ ಕೈ," ಅಂದಳು. ಆಮೇಲೆ ನನ್ನ ಕಡೆ ನೋಡಿ, "ಯಾರು ಹೊಡಿ ಅಂದ್ರು?"

ನಾನು ನಿಮ್ಮ ಹೆಸರು ಹೇಳಬಹುದಾಗಿತ್ತು. ಸೆರಗಿನಿಂದ ಆಕೆಯ ಮೊಣಕೈ ಒರೆಸತೊಡಗಿದೆ.

ಅಂದಿನಿಂದ ಅಂಗಳ ಹೇಗಿದೆ ಎಂದು ನಿಮಗೆ ತಿಳಿಸುತ್ತೇನೆ, ಏಕೆಂದರೆ ನೀವು ಬಂದು ನೋಡಿಲ್ಲ. ಬೆಳಿಗ್ಗೆ ನಿವೃತ್ತ ನೌಕರರು ಬೀಸುನಡಿಗೆ ನಡೆಯುತ್ತಾರೆ. ಹಿಡಿತ ಬಹಳ ಚೆನ್ನಾಗಿದೆ ಎಂದು ಹೊಗಳುತ್ತಾರೆ. ಮಧ್ಯಾಹ್ನ ಸುತ್ತಲಿನ ಮನೆಯವರು ಮೆಣಸಿನಕಾಯಿ ಹರವುತ್ತಾರೆ. ಸಪ್ನಾಳ ಹತ್ತಿರ ಹೆಸರು ಬರೆಸಿದ್ದ ಹನ್ನೊಂದು ಹುಡುಗಿಯರು ನಮ್ಮ ಮನೆಯ ಪಡಸಾಲೆಗೆ ಬರುತ್ತಾರೆ. ಹದಿನೆಂಟು ಅಡಿ ಪಡಸಾಲೆ. ಎರಡು ಸಲ ಕಾಲು ತಳ್ಳಿದರೆ ಗೋಡೆ. ದರ್ಜಿ ಮನೆಯ ನುಜ್ಹತ ಮೊನ್ನೆ ಗೋಡೆಗೆ ಕೈ ಕೊಟ್ಟು ನಿಂತು, "ಅಕ್ಕಾ, ನಮಗ ಬರೇ ನಿಲ್ಲಾಕ ಬರಾಕತ್ಯಾದ. ಹೋಗೂದು ಯಾವಾಗ?" ಎಂದಳು. ಉಳಿದವರು ನಕ್ಕರು. ಸಪ್ನಾ ನಗಲಿಲ್ಲ.

ಆರನೆಯ ಸಲ ನೀವು ನನಗೆ ಎರಡು ನಿಮಿಷ ಕೊಟ್ಟಿರಿ. "ಈಗ ಯಾರೂ ಬೀಳೂದಿಲ್ಲಲ್ಲಮ್ಮ?" ಎಂದು ಕೇಳಿದಿರಿ. "ಬರೋರೇ ಇಲ್ಲಂದಮ್ಯಾಲೆ ಬೀಳೋರು ಯಾರ್ರಿ?" ಎಂದೆ. ನೀವು ಗಂಟೆ ಒತ್ತಿದಿರಿ. ಮರುವಾರ ಉತ್ತರ ಬಂತು: ಅಂಗಳದಲ್ಲಿ ಯಾವುದೇ ಅಪಘಾತ ವರದಿಯಾಗಿಲ್ಲ; ಆದ್ದರಿಂದ ಬದಲಾವಣೆಯ ಅಗತ್ಯವಿಲ್ಲ; ಅನುಮತಿ ಇಲ್ಲದೆ ಮೇಲ್ಮೈ ಮುಟ್ಟಿದರೆ ಕ್ರಮ ಜರುಗಿಸಲಾಗುವುದು. ನನ್ನ ಮೊಮ್ಮಗಳ ಮೊಣಕೈಯನ್ನು ವರದಿ ಮಾಡಲು ಯಾವ ಅರ್ಜಿ ತುಂಬಬೇಕೋ ನನಗೆ ಗೊತ್ತಿರಲಿಲ್ಲ. ಅದರಲ್ಲಿಯೂ ಉದ್ಯೋಗದ ಜಾಗ ಇರುತ್ತಿತ್ತಲ್ಲವೇ?

ನನ್ನ ಬೇಡಿಕೆ ದೊಡ್ಡದಲ್ಲ. ಪಾಲಿಶ್ ಯಂತ್ರ ನಮ್ಮದು, ಕೈ ನಮ್ಮದು, ನಿಮ್ಮಿಂದ ಒಂದು ಪೈಸೆಯೂ ಬೇಡ. ಗುಳಿ ಆಳವಿಲ್ಲ, ಹದಿನೈದು ದಿನ ಉಜ್ಜಿದರೆ ಹೋಗುತ್ತದೆ ಎಂದು ಹುಲಗಪ್ಪ ಹೇಳುತ್ತಾನೆ. ಕೆಡಿಸಿದವನೇ ಸರಿ ಮಾಡುತ್ತೇನೆ ಎನ್ನುತ್ತಿದ್ದಾನೆ, ಅವನಿಗೆ ಅಷ್ಟು ಬಿಡಿ. 'ಅನುಮತಿಸಲಾಗಿದೆ' ಎಂಬ ಒಂದೇ ಪದ, ಕೆಳಗೆ ನಿಮ್ಮ ಸಹಿ. ಒರಟು ಮಾಡಿರಿ ಎಂದು ಬರೆಯಲು ಒಂದು ವಾರ ಸಾಕಾಗಿದ್ದ ಕಚೇರಿಗೆ ಇದಕ್ಕೆ ಏಳು ವಾರ ಏಕೆ ಸಾಲದು?

ಅವಸರ ಏಕೆಂದರೆ, ತಂಡದವರು ಸಪ್ನಾ ಮರಳಿ ಬಂದಾಳೆಂದು ಆಕೆಯ ಜಾಗವನ್ನು ಈ ತಿಂಗಳ ಕೊನೆಯವರೆಗೆ ಮಾತ್ರ ಹಿಡಿದಿಟ್ಟಿದ್ದಾರೆ. ಇಲ್ಲೇ ಇದ್ದರೆ ಕಾಲು ಆಟ ಮರೆಯುತ್ತದೆ. ಏಳು ವಾರದಷ್ಟು ಆಗಲೇ ಮರೆತಿದೆ. ಹೋದರೆ ಹನ್ನೊಂದು ಹುಡುಗಿಯರು ಗೋಡೆಗೆ ಕೈ ಕೊಟ್ಟು ನಿಲ್ಲುವುದನ್ನಷ್ಟೇ ಕಲಿತಂತಾಯಿತು. ಮೊನ್ನೆ ಆಕೆ ನನ್ನ ಹತ್ತಿರ ಕುಳಿತು ಕೇಳಿದಳು, "ಆಯಿ, ಹೋಗ್ಲೇನು, ಇರ್ಲೇನು? ನಿನ್ನ ಮಾತು ಕೇಳೇ ಬಂದೀನಿ. ಈಗೂ ನೀನೇ ಹೇಳು." ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಎರಡು ಸಲ ಕೇಳುವುದಿಲ್ಲ. ಆಕೆ ಮೂರು ಸಲ ಕೇಳಿದಳು. ಐವತ್ತು ವರ್ಷ ಈ ಮನೆಯಲ್ಲಿ ಎಲ್ಲರಿಗೂ ಉತ್ತರ ಹೇಳಿದವಳು ನಾನು. ನಿಮ್ಮ ಮೇಜಿನ ಮೇಲಿರುವ ಒಂದು ಪದಕ್ಕಾಗಿ ಕಾಯುತ್ತ, ತಲೆ ತಗ್ಗಿಸಿ ಬೇಳೆ ಆರಿಸುತ್ತ ಕುಳಿತೆ.

ಈ ಪತ್ರದ ಒಂದು ಪ್ರತಿಯನ್ನು ನಿಮ್ಮ ಕಚೇರಿಗೂ ಕಳಿಸಿದ್ದೇನೆ. ಅದರ ಜೊತೆ ಯಜಮಾನರ ಗೋಲಿ ಇದೆ. ನಿಮ್ಮ ಕೋಣೆಯ ಬಾಗಿಲಿನಿಂದ ಉರುಳಬಿಡಿ. ಸಪ್ಪಳ ಮುರಿಯದೆ ನಿಮ್ಮ ಕುರ್ಚಿಯವರೆಗೆ ಬರುತ್ತದೆ. ಅದೇ ಗೋಲಿಯನ್ನು ಅಂಗಳದಲ್ಲಿಯೂ ಬಿಡಿ. ನಾನು ಬಿಟ್ಟು ನೋಡಿದ್ದೇನೆ. ಒಂದು ಗೇಣು ಹೋಗಿ ನನ್ನ ಮಗ ಹೊಡೆದ ಗುಳಿಯಲ್ಲಿ ಕೂತಿತು.

ನೋಡಿದ ಮೇಲೆ ದಯಮಾಡಿ ಗೋಲಿಯನ್ನು ಹಿಂದಿರುಗಿಸಿ. ಅನುಮತಿಯ ಜೊತೆ ಬಂದರೆ ಅಂಗಳ ಪಾಸು ಮಾಡಲು ನನಗೆ ಬೇಕು. ಅನುಮತಿ ಇಲ್ಲದಿದ್ದರೂ ತಿಂಗಳ ಕೊನೆಯೊಳಗೆ ಕಳಿಸಿ. ಹೈದರಾಬಾದಿಗೆ ಹೋಗುವುದಾದರೆ ಅದನ್ನು ತನ್ನ ಜೊತೆ ಒಯ್ಯುತ್ತೇನೆ ಎಂದು ಸಪ್ನಾ ಅಂದಿದ್ದಾಳೆ.

ಇಂತಿ,
ತನ್ನ ಮಾತಿನಿಂದಲೇ ಮೊಮ್ಮಗಳನ್ನು ಕರೆಸಿ,
ತನ್ನ ಮಾತಿನಿಂದಲೇ ಆಕೆಯ ನೆಲ ಕೆಡಿಸಿದ
ಮಲ್ಲಾಬಾಯಿ, ಎಸ್ಸೆಸ್ಸೆಲ್ಸಿ
ಸಗರ, ಶಹಾಪುರ ತಾಲ್ಲೂಕು