ಕಂಪ್ಯೂಟರಿಗೆ ಕಂಬಳಿ ಬೇಡಪ್ಪಾ

ಅಪ್ಪಾ,

ಆಫೀಸಿಗೆ ಹೊರಟೆ. ಮೋಡ ಕಟ್ಟಿದೆ, ಸಂಜೆ ಗುಡುಗು ಗ್ಯಾರಂಟಿ.

ಹೋದ ಸಲ ಗುಡುಗಿದಾಗ ಕಂಪ್ಯೂಟರಿಗೆ ಕಂಬಳಿ ಹೊದಿಸಿ ಕಾವಲು ಕೂತಿದ್ರಿ. ಅದಕ್ಕೇನು ನೆಗಡಿ ಆಗತ್ತಾ? ಸಿಡಿಲು ಬರೋದು ವೈರಲ್ಲಿ! ಸ್ವಿಚ್ ಆಫ್ ಮಾಡಿದ್ರೆ ಸಾಲದು, ಈಗಲೇ ಪ್ಲಗ್ ಕಿತ್ತಿಡಿ. ಇಂಟರ್ನೆಟ್ ವೈರೂ ಕೀಳಿ.

ಗುಡುಗು ಶುರುವಾಗಿಬಿಟ್ಟಿದ್ರೆ ಮಾತ್ರ ಯಾವುದನ್ನೂ ಮುಟ್ಟಬೇಡಿ, ದಮ್ಮಯ್ಯ. ನೀವು ಒಂದೇ ಬೆರಳಲ್ಲಿ ಕುಟ್ಟಿದ ಆತ್ಮಕಥೆ ಪೆನ್ ಡ್ರೈವಲ್ಲಿ ಹಾಕಿ ನನ್ನ ಬ್ಯಾಗಲ್ಲಿ ಇಟ್ಕೊಂಡಿದ್ದೀನಿ. ಆ ಕಂಪ್ಯೂಟರ್ ಡಬ್ಬ ಸುಟ್ಟುಹೋದ್ರೆ ಹೋಗಲಿ, ಕಥಾನಾಯಕರು ಉಳೀಬೇಕು.

ಕಂಬಳಿ ಅಮ್ಮನಿಗೆ ಹೊದಿಸಿ. ಗುಡುಗಿಗೆ ಹೆದರೋದು ಅವಳು, ಬಾಯಿಬಿಟ್ಟು ಹೇಳಲ್ಲ. ಅಷ್ಟು ಪುಟ ಆದ್ರೂ ನಿಮ್ಮ ಆತ್ಮಕಥೆಗೆ ಅವಳು ಇನ್ನೂ ಬಂದಿಲ್ಲ. ಗುಡುಗು ನಿಲ್ಲೋವರೆಗಾದ್ರೂ ಅವಳ ಪಕ್ಕ ಕೂತ್ಕೊಳ್ಳಿ.

ನಿಮ್ಮ ಮಗಳು