ಮೊದಲ ಸಾಕ್ಷಿಯ ಮಾತು

ತೇಲೂರು, ಕಾರವಾರದಾಚೆಯ ಕಡಲು
ಎರಡನೆಯ ಶ್ರಾವಣದ ಮೂವತ್ತೇಳನೆಯ ದಿನ, ತೇಲುಶಕೆ ೨೧೪

ಹುಬ್ಬಳ್ಳಿಯ ವಾರಿಜಾ ಅಜ್ಜಿಗೆ ನಾಗವೇಣಿಯ ನಮಸ್ಕಾರಗಳು.

ಈ ತಾರೀಖು ನಿಮ್ಮ ಕಾಲಕ್ಕಿನ್ನೂ ಬಂದಿಲ್ಲ, ಕ್ಯಾಲೆಂಡರಿನಲ್ಲಿ ಹುಡುಕಬೇಡಿ. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರವೆನಿಸೀತು, ಕ್ಷಮಿಸಿ. ನಿಮಗೀಗ ಇಪ್ಪತ್ತಾರು, ನನಗೆ ಎಪ್ಪತ್ತು ದಾಟಿದೆ. ಆದರೂ ನೀವು ನನ್ನ ಅಜ್ಜಿಯ ಅಜ್ಜಿಗೂ ಹಿರಿಯರು. ಅಜ್ಜಿ ಎಂದದ್ದಕ್ಕೆ ಮುನಿಸಿಕೊಂಡರೆ ನಾನೇನೂ ಮಾಡುವಂತಿಲ್ಲ.

ಮೇಜಿನ ಸುತ್ತ ಕೂತು, ದಾಳ ಎಸೆದು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ನಿಮ್ಮ ಆಟದ ವಿಷಯವಾಗಿ ಬರೆಯುತ್ತಿದ್ದೇನೆ. ನೀವು ಬರೆದಿಟ್ಟ ಟಿಪ್ಪಣಿಗಳು ನನ್ನ ಕಾಲದವರೆಗೂ ಉಳಿದು ಬಂದಿವೆ. ಪಾತ್ರವೊಂದು ಮೇಲಿನ ಮೆಟ್ಟಿಲಿಗೆ ಏರುವಾಗ ಅದು ಮಾಡಿದ್ದನ್ನು ಜೊತೆಗಾರರೇ ಹೇಳಬೇಕು, ಏರುವವರು ಬಾಯಿ ತೆರೆಯಬಾರದು ಎಂಬ ಶಾಸ್ತ್ರ ಕಟ್ಟಿದಿರಿ. ಭಾನುವಾರ ಗೆಳೆಯರನ್ನು ಕೂರಿಸಿ ನೀವೇ ಆಟ ನಡೆಸಿ ನೋಡಿದಿರಿ. ವೈದ್ಯನ ಪಾತ್ರದ ಜಯತೀರ್ಥನ ಸರದಿ ಬಂದಾಗ ಎಲ್ಲರೂ ಸುಮ್ಮನಾದರು. "ಅಂವನ ಬಗ್ಗೆ ಏನ್ ಹೇಳೂದು, ಒಂದ ರಾಕ್ಷಸನ್ನೂ ಹೊಡದಿಲ್ಲ" ಎಂದು ಒಬ್ಬ ಗೊಣಗಿದ. ಜಯತೀರ್ಥ ದಾಳವನ್ನು ಮುಷ್ಟಿಯಲ್ಲಿ ಹಿಡಿದು ತಲೆ ತಗ್ಗಿಸಿದ. ನೀವು ಮುಜುಗರಪಟ್ಟು ಆಟ ನಿಲ್ಲಿಸಿದಿರಿ. ಈಗ ಆ ನಿಯಮ ತೆಗೆದು, ಕೊಂದ ರಾಕ್ಷಸರಿಗೆ ಅಂಕ ಕೊಡುವ ಯೋಚನೆಯಲ್ಲಿದ್ದೀರಿ.

ನಮ್ಮದು ನೀರಿನ ಮೇಲೆ ತೇಲುವ ಊರು. ಪಾಚಿ ಬೆಳೆದು, ಮೀನು ಹಿಡಿದು, ಉಪ್ಪುನೀರು ಸಿಹಿ ಮಾಡಿಕೊಂಡು ಬದುಕುತ್ತೇವೆ. ದೋಣಿಯ ಚುಕ್ಕಾಣಿ ಯಾರಿಗೆ ಕೊಡಬೇಕೆಂಬುದು ನಿಮ್ಮ ಶಾಸ್ತ್ರದಿಂದಲೇ ತೀರ್ಮಾನವಾಗುತ್ತದೆ. ಅದನ್ನು ಏರುಕಟ್ಟು ಎನ್ನುತ್ತೇವೆ. ನೀವು ಆ ಭಾನುವಾರ ಆಡುತ್ತ ತಿಂದಿರೆಂದು ನಾವೂ ಗಿರ್ಮಿಟ್ ತಿನ್ನುತ್ತೇವೆ, ಚುರುಮುರಿಯ ಬದಲು ಒಣಪಾಚಿ ಹಾಕಿ. ರುಚಿಯ ಬಗ್ಗೆ ಕೇಳಬೇಡಿ. ಇಪ್ಪತ್ತು ಮುಖದ ದಾಳವೂ ಇದೆ, ಆದರೆ ಅದನ್ನು ಎಸೆಯಬೇಕೆಂಬುದು ನಮ್ಮವರಿಗೆ ಮರೆತೇಹೋಗಿದೆ. ಏರುವವರು ಅದನ್ನು ಮುಷ್ಟಿಯಲ್ಲಿ ಹಿಡಿದು ತಲೆ ತಗ್ಗಿಸಿ ಕೂರುತ್ತಾರೆ. ಅದೇ ಪದ್ಧತಿ ಎಂದು ಎಲ್ಲರೂ ನಂಬಿದ್ದಾರೆ. ಜಯತೀರ್ಥನಿಗೆ ಇದನ್ನು ಹೇಳಿ, ನಕ್ಕಾನು.

ನಾಳೆ ನನ್ನ ಮೊಮ್ಮಗಳು ಸಿರಿಚಂದನಾಳ ಏರುಕಟ್ಟು. ಚುಕ್ಕಾಣಿಯ ಆಸೆ ಅವಳಿಗೆ ಚಿಕ್ಕಂದಿನಿಂದಲೂ ಇದೆ. ಕಳೆದ ಬಿರುಗಾಳಿಯಲ್ಲಿ ಪಕ್ಕದ ದೋಣಿಯವರು ಅವಳ ಬಲೆಗೆ ಸಿಕ್ಕಿಕೊಂಡಾಗ, ತುಂಬಿದ ಬಲೆಯನ್ನೇ ಕತ್ತರಿಸಿ ಅವರನ್ನು ಉಳಿಸಿ ಬರಿಗೈಯಲ್ಲಿ ಬಂದಳು. ಮೀನು ಎಣಿಸಿ ಅಂಕ ಕೊಟ್ಟರೆ ಅವಳು ಎಂದೂ ಏರುವುದಿಲ್ಲ. ನೀವು ನಿಯಮ ತೆಗೆದರೆ ನಮಗೆ ಉಳಿಯುವುದು ಆ ಎಣಿಕೆ ಮಾತ್ರ. ನನಗೆ ಭಯವಾಗುತ್ತಿದೆ, ಅದಕ್ಕೇ ಈ ಪತ್ರ.

ನಮ್ಮಲ್ಲಿ ಎಲ್ಲರೂ ಸುಮ್ಮನಾದಾಗ, ಮೇಜು ನಡೆಸುವವರೇ ಮೊದಲ ಸಾಕ್ಷಿ ನುಡಿಯುತ್ತಾರೆ. ಅದಕ್ಕೆ ವಾರಿಜೆಯ ಮಾತು ಎಂದು ಹೆಸರು. ನಾಳೆ ಮೇಜು ನಡೆಸುವವಳು ನಾನು. ಏನು ಹೇಳಬೇಕೆಂದು ನನಗೆ ಗೊತ್ತಿದೆ.

ಆದರೆ ನೀವು ಜಯತೀರ್ಥನ ಬಗ್ಗೆ ಇನ್ನೂ ಏನನ್ನೂ ಹೇಳಿಲ್ಲ. ಆಟ ನಡೆಸುವವಳು ನಡುವೆ ಮಾತಾಡಬಾರದೆಂದು ಸುಮ್ಮನಾದಿರಿ. ಅವನ ವೈದ್ಯ ಯಾರ್ಯಾರನ್ನು ಬದುಕಿಸಿದನೆಂದು ಆ ಮೇಜಿನಲ್ಲಿ ಪೂರ್ತಿ ನೋಡಿದವರು ನೀವೊಬ್ಬರೇ. ಅವನನ್ನು ಮತ್ತೆ ಕರೆಯಿರಿ ಅಜ್ಜಿ, ಕೂರಿಸಿ, ಹೇಳಿ. ನಾವಿಲ್ಲಿ ಕಾಯುತ್ತಿದ್ದೇವೆ.