ಡಾಕ್ಟರಿಗೆ ಕೇಳಬೇಕಾದ ಒಂದು ಮಾತು

೩ ಸೆಪ್ಟೆಂಬರ್ ೨೦೨೪, ಮಂಗಳವಾರ. ಮಧ್ಯಾಹ್ನ

ಎಂಬತ್ತು ರೊಟ್ಟಿ ಬಡಿದೆ. ಅಂಗೈ ಉರೀತಿದೆ. ಹಿಂದಿನ ಓಣಿಯ ಪುಷ್ಪಲತಾ ಮೇಡಂ ಬಂದು ಹತ್ತು ಒಯ್ದರು. ಹೈಸ್ಕೂಲಲ್ಲಿ ಇಂಗ್ಲಿಷ್ ಹೇಳಿಕೊಡೋರು. ರೊಟ್ಟಿಗೆ ದುಡ್ಡು ಬೇಡ, ದಿನಕ್ಕೆ ಐದು ಪದ ಹೇಳಿಕೊಡ್ರಿ ಅಂದಿದೀನಿ.

ಡಯಟ್ — ಪಥ್ಯ. ಇನ್‌ಟೇಕ್ — ತಿಂದದ್ದು, ಕುಡಿದದ್ದು, ಹೊಟ್ಟೆಗೆ ಹೋದದ್ದೆಲ್ಲ. ಕಾರ್ಬೋಹೈಡ್ರೇಟ್ — ಅನ್ನ, ರೊಟ್ಟಿ, ಬೆಲ್ಲ ಎಲ್ಲದರಲ್ಲೂ ಇರೋದು. ಗ್ಲೂಕೋಸ್ ಅಂದರೆ ಬಾಟಲಿ ಅಂದುಕೊಂಡಿದ್ದೆ, ರಕ್ತದಲ್ಲೂ ಇರುತ್ತಂತೆ. ಐದನೇದು ಮೆಟಬಾಲಿಸಂ. ನಾಲಿಗೆ ಹೊರಳ್ತಿಲ್ಲ. ಮೇಡಂ ಒಲೆ ತೋರಿಸಿದರು.

"ಕಟ್ಟಿಗಿ ಹಾಕಿದ್ರ ಉರಿ ಆಗ್ತತಿ ನೋಡ್ರಿ, ಉಂಡಿದ್ದು ಮೈಯಾಗ ಹಂಗ ಶಕ್ತಿ ಆಗ್ತತಿ. ಆ ಕೆಲಸಕ್ಕ ಹಂಗಂತಾರ."

ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಎರಡು ಸಲ ಹೋಯ್ತು. ಈಗ ಮೂವತ್ತೆಂಟಕ್ಕೆ ಕೂತಿದೀನಿ. ಯಾಕೆ ಅಂತ ಮೇಡಂ ಕೇಳಿಲ್ಲ. ಪುಣ್ಯಾತ್ಗಿತ್ತಿ.

೫ ಸೆಪ್ಟೆಂಬರ್, ಗುರುವಾರ

ಯಾಕೆ ಅಂತ ಇಲ್ಲಾದರೂ ಬರೀತೀನಿ.

ಮಾರ್ಚ್ ಹನ್ನೆರಡಕ್ಕೆ ನಮ್ಮ ಯಜಮಾನರನ್ನ ಹರಪನಹಳ್ಳಿ ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿದೆವು. ಕಾಲಲ್ಲಿ ಹುಣ್ಣು, ಶುಗರ್ ನಾನೂರ ಎಂಬತ್ತು, ಮಂಪರು. ಜೊತೆಗೆ ಒಬ್ಬರೇ ಇರಬೇಕು ಅಂದರು. ಅತ್ತೆ ಉಳಿದರು. ನಾನು ಕೊಟ್ಟೂರಿಗೆ ವಾಪಸ್ ಬಂದೆ, ದಿನಾ ಬಸ್ಸಲ್ಲಿ ಬುತ್ತಿ ಕಳಿಸಿದೆ. ನಾಲ್ಕನೇ ದಿನ ಅತ್ತೆ ಟಾಟಾ ಏಸಲ್ಲಿ ಕರಕೊಂಡೇ ಬಂದರು.

"ಡಾಕ್ಟ್ರೇ ಮನಿಗೆ ಕರ್ಕೊಂಡ್ ಹೋಗು ಅಂದ್ರು. ಆರಾಮ್ ಆಗೈತಂತ."

ನನಗೆ ಕುಣಿಯೋಷ್ಟು ಖುಷಿ. ಗೋಧಿ ಪಾಯಸ ಮಾಡಿದೆ, ಬೆಲ್ಲ ಹಾಕಿ. ಒಂದೇ ಬಟ್ಟಲು. ಕುಡಿದು ನಕ್ಕರು. ಹನ್ನೆರಡು ದಿನಕ್ಕೆ ಹೋದರು.

ಮಣ್ಣಿಗೆ ಬಂದ ಜನರ ಎದುರಿಗೇ ಅತ್ತೆ ಅಂದರು, "ಪಾಯಸ ಕುಡಿಸಿ ಕೊಂದ್ಲು ನನ್ನ ಮಗನ್ನ." ಅವತ್ತಿಂದ ಮನೆಗೆ ಬಂದವರಿಗೆಲ್ಲ ಅದೇ ಮಾತು. ಕೇಳಿ ಕೇಳಿ ನನಗೂ ಹಾಗೇ ಅನಿಸಿಬಿಟ್ಟಿದೆ. ಬೆಲ್ಲದ ಡಬ್ಬಿ ಮುಟ್ಟೋದನ್ನೇ ಬಿಟ್ಟಿದೀನಿ.

ಆಸ್ಪತ್ರೆಯಲ್ಲಿ ಇವರನ್ನ ನೋಡಿದ ಡಾಕ್ಟರು ಒಡಿಶಾದವರು. ಕನ್ನಡ ಬರಲ್ಲ. ನರ್ಸ್ ಕಡೆಯಿಂದ ಕೇಳಿಸಬಹುದು. ಆದರೆ ಗಂಡನನ್ನ ನಾನೇ ಕೊಂದೆನಾ ಅಂತ ಇನ್ನೊಬ್ಬರ ಬಾಯಿಂದ ಹೇಗೆ ಕೇಳಿಸೋದು? ನಾನೇ ಕೇಳಬೇಕು. ಅವರು ಹೇಳಿದ್ದು ನನಗೇ ತಿಳೀಬೇಕು.

೭ ಸೆಪ್ಟೆಂಬರ್, ಶನಿವಾರ. ಗಣೇಶನ ಹಬ್ಬ

ನಮಗೆ ಈ ವರ್ಷ ಹಬ್ಬ ಇಲ್ಲ. ಪಕ್ಕದ ಮನೆ ಕರಿಯಕ್ಕ ಕಡುಬು ತಂದುಕೊಟ್ಟಳು. ತಟ್ಟೆಗೆ ಹಾಕಿ ಅತ್ತೆ ಮುಂದಿಟ್ಟೆ. ತಟ್ಟೆ ಆಚೆ ಸರಿಸಿದರು. "ನಿನ್ನ ಕೈಯಾನ ಸಿಹಿ ಒಲ್ಲೆವ್ವಾ." ಕರಿಯಕ್ಕ ಇನ್ನೂ ಹೊಸ್ತಿಲಲ್ಲೇ ಇದ್ದಳು. ಎಲ್ಲ ಕೇಳಿಸಿಕೊಂಡಳು.

ಇಂಗ್ಲಿಷೂ ಬೇಡ, ಏನೂ ಬೇಡ.

೨೨ ಸೆಪ್ಟೆಂಬರ್, ಭಾನುವಾರ

ಹದಿನೈದು ದಿನ ಪುಸ್ತಕ ಮುಟ್ಟಲಿಲ್ಲ. ನಿನ್ನೆ ಮೇಡಂ ತಾವಾಗಿ ಬಂದು ಕೂತರು. ಎಲ್ಲ ಹೇಳಿಬಿಟ್ಟೆ. ಮೇಡಂ ಅತ್ತರು. ನನಗೆ ಅಳು ಬರಲಿಲ್ಲ, ನಾಚಿಕೆ ಆಯ್ತು.

ಇಬ್ಬರೂ ಕೂತು ಮಾತು ಜೋಡಿಸಿದೆವು. ಐ ಗೇವ್ ಹಿಮ್ ಒನ್ ಕಪ್ ಸ್ವೀಟ್. ವೀಟ್ ಅಂಡ್ ಜಾಗರಿ. ಡಿಡ್ ಹಿ ಡೈ ಬಿಕಾಸ್ ಆಫ್ ದಟ್? — ಇಷ್ಟೇ. ಇಷ್ಟು ಹೇಳೋಕೆ ಬೆವರು ಕಿತ್ತು ಬಂತು. ಡಾಕ್ಟರು ತಿರುಗಿ ಹೇಳಬಹುದಾದ ಪದಗಳು ಬೇರೆ. ಇನ್ಫೆಕ್ಷನ್, ಕೀಟೋನ್, ಕಿಡ್ನಿ, ಕಂಟ್ರೋಲ್, ಟ್ರೀಟ್ಮೆಂಟ್, ರಿಫ್ಯೂಸ್. ರಿಫ್ಯೂಸ್ ಅಂದರೆ ಒಲ್ಲೆ ಅನ್ನೋದು.

ಮೊದಲು ಹೆಸರು ಹೇಳಬೇಕಂತೆ. ಮೈ ಹಸ್ಬೆಂಡ್ಸ್ ನೇಮ್ ಈಸ್... ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಹೆಸರು ಹಿಡಿದಿಲ್ಲ.

"ಹೇಳ್ರಿ ಗೀತಮ್ಮ, ಏನಾಗಂಗಿಲ್ಲ."

ಯರ್ರಿಸ್ವಾಮಿ. ಹೇಳಿದೆ. ಕೇಳೋಕೆ ಅವರಿಲ್ಲ.

೨೫ ಸೆಪ್ಟೆಂಬರ್, ಬುಧವಾರ

ನಾಳೆ ಹರಪನಹಳ್ಳಿಗೆ ಹೋಗಿ ಬರ್ತೀನಿ ಅಂತ ಅತ್ತೆಗೆ ಹೇಳಿದೆ. ರಾಗಿ ಕೇರ್ತಿದ್ದ ಮೊರ ಕೆಳಗಿಟ್ಟರು.

"ಸತ್ತೋರ ಕಾಗದ ಯಾಕ ಕೆದಕ್ತಿ?"

"ಪಾಯಸದಿಂದ ಹೋದ್ರೋ ಇಲ್ಲೋ ಅಂತ ಕೇಳಿ ಬರ್ತೀನ್ರಿ ಅತ್ತಿ. ಹೌದಂದ್ರ ಹೌದು. ನಿಮ್ಮ ಕಾಲ ಬಳಿ ಬಿದ್ದಿರ್ತೀನಿ."

ಅತ್ತೆ ಸಂಜೆ ಊಟ ಮಾಡಲಿಲ್ಲ.

೨೬ ಸೆಪ್ಟೆಂಬರ್, ಗುರುವಾರ. ಸಂಜೆ

ಇದ್ದದ್ದು ಇದ್ದ ಹಾಗೆ ಬರೀತೀನಿ.

ಎರಡು ತಾಸು ಕಾದ ಮೇಲೆ ಒಳಗೆ ಕರೆದರು. ಅದೇ ಡಾಕ್ಟರು, ಹುಡುಗ ವಯಸ್ಸು. ಹೆಸರು ಹೇಳಿದೆ, ತಾರೀಖು ಹೇಳಿದೆ. ಕಂಪೌಂಡರ್ ಹಳೇ ಫೈಲು ಹುಡುಕಿ ತಂದ. ನನ್ನ ಮಾತು ಹೇಳಿದೆ. ಜಾಗರಿ ಮರೆತು ಬೆಲ್ಲ ಅಂದೆ. ಅವರಿಗೆ ತಿಳೀತು.

"ಒನ್ ಕಪ್? ನೋ ಅಮ್ಮಾ. ನಾಟ್ ಬಿಕಾಸ್ ಆಫ್ ದಟ್."

ನಿಧಾನಕ್ಕೆ ಒಂದೊಂದೇ ಪದ ಹೇಳಿದರು. ಇನ್ಫೆಕ್ಷನ್ ರಕ್ತಕ್ಕೆ ಏರಿತ್ತು. ಇನ್ಸುಲಿನ್ ನಡೀತಿತ್ತು. ಕಾಲ ಬೆರಳು ತೆಗೀಬೇಕಿತ್ತು. ಇನ್ನೂ ಹತ್ತು ದಿನ ಇರಬೇಕಿತ್ತು. ಪೂರ್ತಿ ತಿಳೀತು ನನಗೆ. ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು.

ಆಮೇಲೆ ಅವರು ಕೇಳಿದರು, "ವೈ ಡಿಡ್ ಯು ಟೇಕ್ ಹಿಮ್ ಹೋಮ್?"

ಅದೂ ತಿಳೀತು. "ಡಾಕ್ಟರ್ ಸೆಂಡ್" ಅಂದೆ. ಅಲ್ಲ ಅಂತ ತಲೆ ಅಲ್ಲಾಡಿಸಿದರು. ಕೊನೇ ಹಾಳೆ ತೆಗೆದು ನನ್ನ ಕಡೆ ತಿರುಗಿಸಿದರು. ಟ್ರೀಟ್ಮೆಂಟ್ ರಿಫ್ಯೂಸ್ಡ್. ಡಾಕ್ಟರು ಬೇಡ ಅಂದರೂ ಒಯ್ತಿದೀವಿ, ಏನಾದರೂ ಆದರೆ ನಾವೇ ಹೊಣೆ ಅಂತ. ಕೆಳಗೆ ನೀಲಿ ಹೆಬ್ಬೆಟ್ಟು. ಪಕ್ಕದಲ್ಲಿ ಇಂಗ್ಲಿಷಲ್ಲಿ — ಜಂಬಕ್ಕ, ಮದರ್.

ಬಸ್ಸಲ್ಲಿ ಹಲ್ಲು ಕಚ್ಚಿಕೊಂಡು ಬಂದೆ. ಮಗನ್ನ ನೀವೇ ತಂದು ಮಲಗಿಸಿ, ಆರು ತಿಂಗಳು ನನ್ನ ತಲೆಗೆ ಕಟ್ಟಿದಿರಲ್ಲ! ಓಣಿಯ ಜನರನ್ನ ನಿಲ್ಲಿಸಿ ಕೇಳ್ತೀನಿ ಅಂತ ಮಾತೆಲ್ಲ ಹೊಂದಿಸಿಟ್ಟುಕೊಂಡೆ.

ಅತ್ತೆ ಕಟ್ಟೆ ಮೇಲೆ ಕೂತಿದ್ದರು. ಬೆಳಗ್ಗಿನ ರೊಟ್ಟಿ ಹಾಗೇ ಇತ್ತು. ನಾನು ಚಪ್ಪಲಿ ಬಿಡೋಕೂ ಬಿಡಲಿಲ್ಲ.

"ಆ ಡಾಕ್ಟ್ರು ನನ್ನ ಹೆಬ್ಬೆಟ್ಟು ತೋರ್ಸಿದ್ನೇನು?"

ಹೌದು ಅಂತ ತಲೆ ಆಡಿಸಿದೆ.

"ಬೆಳ್ಳು ಕಡೀತೀವಿ ಅಂದ್ರು. ಇವತ್ತು ಬೆಳ್ಳು, ನಾಳೆ ಕಾಲು. ಡ್ರೈವರಕಿ ಮಾಡಾಂವ, ಕಾಲಿಲ್ದ ಹೆಂಗ ಬದುಕ್ತಾನ ಅಂದ್ಕಂಡೆ. ಗುಡೇಕೋಟಿ ಕಡಿ ಹುಣ್ಣಿಗೆ ಬೇರಿನ ಔಷಧ ಕೊಡಾಂವ ಅದಾನ ಅಂದ್ರು, ಹೆಬ್ಬೆಟ್ಟು ಒತ್ತಿಬಿಟ್ಟೆ." ಹೆಬ್ಬೆಟ್ಟನ್ನ ಸೆರಗಿಗೆ ಉಜ್ಜಿಕೊಂಡರು. "ನಿನ್ನ ಪಾಯಸ ಅಂತ ಅನ್ನದಿದ್ರ ನಾ ಹೆಂಗ ಬದುಕ್ಲಿ ಗೀತಾ?"

ನಾನು ಹೇಗೆ ಬದುಕಿದೆ ಅಂತ ಅವರು ಕೇಳಲಿಲ್ಲ. ಒಳಗೆ ಬಂದು ಒಲೆ ಹಚ್ಚಿದೆ. ಸಿಟ್ಟು ಹೋಗಿಲ್ಲ. ಹೋಗೋದೂ ಇಲ್ಲ ಅನಿಸುತ್ತೆ. ಇಬ್ಬರಿಗೂ ಅನ್ನ ಇಟ್ಟೆ.

೨೭ ಸೆಪ್ಟೆಂಬರ್, ಶುಕ್ರವಾರ. ಬೆಳಿಗ್ಗೆ

ರೊಟ್ಟಿ ಶುರು ಮಾಡಿಲ್ಲ. ಹಿಟ್ಟು ನಾದಿಟ್ಟು ಇದನ್ನ ಹಿಡಿದು ಕೂತೆ.

ಅತ್ತೆ ಹೊರಗೆ ಕಟ್ಟೆ ಮೇಲೆ. ಕರಿಯಕ್ಕ ಬಂದಿದಾಳೆ. "ಹರಪನಳ್ಳಿಗೆ ಹೋಗಿದ್ಲಂತಲ್ಲ ನಿನ್ನ ಸೊಸಿ, ಏನಂದ್ರಂತ ಡಾಕ್ಟ್ರು?" ಅಂತ ಕೇಳ್ತಿದಾಳೆ. ಇವಳಿಗೆ ಹೇಳಿದರೆ ಮಧ್ಯಾಹ್ನದೊಳಗೆ ಓಣಿಗೆಲ್ಲ ಗೊತ್ತು. ಏನಂತಾರೋ ಅಂತ ಪೆನ್ನು ಹಿಡಿದೇ ಕಿವಿ ಕೊಟ್ಟಿದೀನಿ.

"ಬಾ ಕರಿಯಕ್ಕಾ, ಕುಂದ್ರು. ಆಕಿ ತಪ್ಪಿಲ್ಲ. ನನ್ನ ಮಗನ್ನ..."

ನಿಲ್ಲಿಸಿದರು. ಇದೇ ಮಾತಿಗೆ ಆರು ತಿಂಗಳು ಕಾದಿದೀನಿ. ಮುಂದಕ್ಕೆ ಹೇಳಲಿ, ಓಣಿ ಪೂರ್ತಿ ಕೇಳಲಿ. ಅತ್ತೆ ಅಳ್ತಿದಾರೆ. ಕರಿಯಕ್ಕ ಮತ್ತೆ ಮತ್ತೆ ಕೇಳ್ತಿದಾಳೆ. ಬಿಡಲಾ, ಎದ್ದು ಹೋಗಿ ತಡೀಲಾ... ಕೂತಿರೋಕೆ ಆಗ್ತಿಲ್ಲ, ಅವರೊಬ್ಬರೇ ಅಲ್ಲಿ—